‘ಬೇಜಾರು’ ಅಂದರೆ ಎಂತ? ಕಾಸರಗೋಡಿನ ನೂರಿಪ್ಪತ್ತು ಅಜ್ಜ-ಅಜ್ಜಿಯರ ಮನೆಗೆ ಹೋಗಿ ಬಂದ ಕಥೆ

ಹೋದ ಶುಕ್ರವಾರ ಪೆರ್ಲದಿಂದ ಒಳಗೆ, ಒಂದು ಮನೆಯ ಜಗಲಿಯಲ್ಲಿ ನನ್ನ ನೂರಿಪ್ಪತ್ತನೇ ಫಾರಂ ತುಂಬಿತು. ಫೈಲನ್ನು ಚೀಲಕ್ಕೆ ತುರುಕಿ ಬಸ್ಸಿಗೆ ಓಡಿದೆ. ಬಸ್ಸು ತಪ್ಪಿತು. ಮುಂದಿನದ್ದಕ್ಕೆ ಮುಕ್ಕಾಲು ಗಂಟೆ. ಅಂಗಡಿಯ ಎದುರಿನ ಬೆಂಚಿನಲ್ಲಿ ಕುಳಿತು ಸುಮ್ನೆ ಲೆಕ್ಕ ಹಾಕಿದೆ. ಶುರು ಮಾಡಿದ್ದು 2023ರ ಜೂನ್‌ನಲ್ಲಿ. ಈಗ 2025ರ ಡಿಸೆಂಬರ್. ಇದರಲ್ಲಿ ನಿಜವಾಗಿ ಜನರ ಜೊತೆ ಕೂತು ಮಾತಾಡಿದ್ದು ಹದಿಮೂರು ತಿಂಗಳು ಮಾತ್ರ. ಉಳಿದದ್ದೆಲ್ಲ ಕಾಗದಪತ್ರ, ಕಾಯುವುದು, ಮತ್ತೆ ಒಂದು ಶಬ್ದಕ್ಕೆ ಇನ್ನೊಂದು ಶಬ್ದ ಹುಡುಕುವುದು.

ನಾನು ಸೈಕಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮನೆ ನೀರ್ಚಾಲು ಕಡೆ. ನನ್ನ ವಿಷಯ, 60 ದಾಟಿದವರ ನೆನಪು ಮತ್ತು ಮನಸ್ಸು ಕುಗ್ಗುವುದು. ಕಾಸರಗೋಡು, ಮಂಜೇಶ್ವರ ಈ ಎರಡು ತಾಲೂಕುಗಳಲ್ಲಿ ಕನ್ನಡ, ತುಳು ಮಾತಾಡುವ ಮನೆಗಳಲ್ಲಿ. ಈ ಕೆಲಸಕ್ಕೆ ಇಳಿಯುವಾಗ ನನಗೆ ದಾರಿ ಹೇಳುವವರು ಯಾರೂ ಇರಲಿಲ್ಲ. ಮುಂದೆ ಯಾರಾದರೂ ಇಳಿದರೆ ಅವರಿಗೆ ಇರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ಯೋಜನೆ ಇದಕ್ಕಿಂತ ದೊಡ್ಡದಿತ್ತು. ಎರಿಕ್ ಎರಿಕ್‌ಸನ್ 1950ರಲ್ಲಿ ಮನುಷ್ಯನ ಬದುಕನ್ನು ಎಂಟು ಘಟ್ಟಗಳಾಗಿ ಮಾಡಿ ಬರೆದದ್ದನ್ನು ಎಂಎಸ್‌ಸಿಯಲ್ಲಿ ಓದಿ ತಲೆಯಲ್ಲಿ ಅದೇ ಕೂತಿತ್ತು. ಒಂದೇ ಮನೆಯ ಮೂರು ತಲೆಮಾರನ್ನು ಕೂರಿಸಿ ಕೇಳಬೇಕು, ಹೈಸ್ಕೂಲಿನ ಮಗು, ಅದರ ಅಮ್ಮ, ಅದರ ಅಜ್ಜಿ ಎಂದು ಚಂದದ ಒಂದು ಚಿತ್ರ ಬಿಡಿಸಿಕೊಂಡು ಗೈಡ್ ಹತ್ತಿರ ಹೋದೆ. ಅವರು ಕಣ್ಣೂರು ಕಡೆಯ ಮಲಯಾಳಿ, ನಾವೆಲ್ಲ ಟೀಚರ್ ಎನ್ನುತ್ತೇವೆ. ಟೀಚರ್ ಕೇಳಿದ್ದು ಒಂದೇ ಪ್ರಶ್ನೆ. ‘ಅಜ್ಜಿಗೆ ಮೊಮ್ಮಗಳಿಗಿಂತ ಕಡಿಮೆ ಅಂಕ ಬಂದರೆ, ಅದು ವಯಸ್ಸಿನಿಂದ ಬಂತೋ, ಅಜ್ಜಿ ಎರಡನೇ ಕ್ಲಾಸಿಗೆ ಶಾಲೆ ಬಿಟ್ಟದ್ದರಿಂದ ಬಂತೋ?’

ನನ್ನಲ್ಲಿ ಉತ್ತರ ಇರಲಿಲ್ಲ. ಇದು ಹಳೇ ಜಗಳವಂತೆ. ಅಮೆರಿಕದಲ್ಲಿ ವಾರ್ನರ್ ಶಾಯ್ ಎಂಬವರು ಸಿಯಾಟಲ್ ಊರಿನಲ್ಲಿ ಇದನ್ನು ಬಿಡಿಸಲಿಕ್ಕೆಂದೇ ಒಂದು ಅಧ್ಯಯನ ಶುರು ಮಾಡಿದರು. ಏಳೇಳು ವರ್ಷಕ್ಕೊಮ್ಮೆ ಅದೇ ಜನರನ್ನು ಪುನಃ ಪುನಃ ಪರೀಕ್ಷೆ ಮಾಡಿದರು. ಒಂದೇ ದಿನ ಬೇರೆ ಬೇರೆ ವಯಸ್ಸಿನವರನ್ನು ಹೋಲಿಸಿದರೆ ವಯಸ್ಸಿನ ಪೆಟ್ಟು ನಿಜಕ್ಕಿಂತ ಜಾಸ್ತಿ ಕಾಣುತ್ತದೆ, ಅದರಲ್ಲಿ ಹುಟ್ಟಿದ ಕಾಲದ ಪಾಲೂ ಇರುತ್ತದೆ ಎಂದು ತೋರಿಸಿಕೊಟ್ಟರು. ಅವರು ಶುರು ಮಾಡಿದ ವರ್ಷ 1956. ಕಾಸರಗೋಡು ಕೇರಳಕ್ಕೆ ಸೇರಿದ ಆ ವರ್ಷ ನಮ್ಮ ಕಡೆಯವರಿಗೆ ಮರೆಯುವುದಿಲ್ಲ, ಅಲ್ವಾ? ಆಗ ಈ ಹೊಂದಾಣಿಕೆ ನೋಡಿ ನಕ್ಕೆ. ಆಮೇಲೆ ಅದೇ 1956 ನನ್ನ ಪ್ರಶ್ನೆಪತ್ರಿಕೆಯೊಳಗೆ ಬಂದು ಕೂರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮಕ್ಕಳನ್ನು ಬಿಡಲು ಇನ್ನೊಂದು ಕಾರಣವೂ ಇತ್ತು. 18 ಆಗದವರನ್ನು ಸೇರಿಸಿದರೆ ತಂದೆ-ತಾಯಿಯ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆಯೂ ಬೇಕು, 12ರ ಮೇಲಾದರೆ ಅದನ್ನು ಬರೆಸಿಕೊಳ್ಳಬೇಕು, ಶಾಲೆಯಲ್ಲಿ ಮಾಡುವುದಾದರೆ ಇಲಾಖೆಯ ಅನುಮತಿ ಬೇರೆ. ಮೂರು ವರ್ಷದ ಕೆಲಸಕ್ಕೆ ಅಷ್ಟೆಲ್ಲ ಹೊರೆ ಆಗುವುದಿಲ್ಲ ಎಂದು ಟೀಚರ್ ಹೇಳಿದರು. ನಾನು ಅತ್ತುಕೊಂಡೇ ಒಪ್ಪಿದೆ. ಈಗ ಅವರಿಗೆ ಕೈ ಮುಗಿಯುತ್ತೇನೆ.

ಆಮೇಲೆ ಪರೀಕ್ಷೆಗಳನ್ನು ಆರಿಸುವ ಕೆಲಸ. ಇಲ್ಲಿ ಹೊಸಬರು ಮಾಡುವ ತಪ್ಪನ್ನು ನಾನೂ ಮಾಡಿದೆ. ನೆನಪಿನ ಪರೀಕ್ಷೆ ಎಂದರೆ ಎಲ್ಲರ ಬಾಯಲ್ಲೂ ಬರುವುದು ಎಂಎಂಎಸ್‌ಇ (ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಶನ್). 1975ರದ್ದು, 30 ಅಂಕದ್ದು. ಅದನ್ನು ಯಾವುದೋ ಸೀನಿಯರ್ ಹತ್ತಿರದಿಂದ ತಂದು ಝೆರಾಕ್ಸ್ ಮಾಡಿ ಇಟ್ಟುಕೊಂಡಿದ್ದೆ. ಅದಕ್ಕೆ ಹಕ್ಕುಸ್ವಾಮ್ಯ ಉಂಟು, ದುಡ್ಡು ಕೊಟ್ಟು ಫಾರಂ ತರಿಸಬೇಕು ಎಂದು ಗೊತ್ತಾದದ್ದು ಆಮೇಲೆ. ಅಷ್ಟೇ ಅಲ್ಲ, ಅದರಲ್ಲಿ ಒಂದು ವಾಕ್ಯ ಬರೆಯಬೇಕು, ಎರಡು ಪಂಚಕೋನದ ಚಿತ್ರ ನೋಡಿ ಬಿಡಿಸಬೇಕು. ಪೆನ್ಸಿಲು ಹಿಡಿಯದ ಕೈಗೆ ಅದನ್ನು ಕೊಟ್ಟರೆ ಪರೀಕ್ಷೆ ಆಗುವುದು ನೆನಪಿನದ್ದಲ್ಲ. ಶಾಲೆಗೆ ಹೋಗದವರಿಗೆಂದೇ 1995ರಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಎಚ್‌ಎಂಎಸ್‌ಇ ಎಂಬ ಹಿಂದಿ ರೂಪ ಮಾಡಿದ್ದರು. ‘ಕಣ್ಣು ಮುಚ್ಚಿ’ ಎಂದು ಬರೆದದ್ದನ್ನು ಓದುವ ಬದಲು, ಎದುರಿನವರು ಕಣ್ಣು ಮುಚ್ಚುವುದನ್ನು ನೋಡಿ ಹಾಗೇ ಮಾಡಿದರೆ ಅದರಲ್ಲಿ ಅಂಕ ಸಿಗುತ್ತದೆ. ನಾವು ಆ ದಾರಿ ಹಿಡಿದೆವು. ನೀವು ಶುರು ಮಾಡುವ ಮೊದಲು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡಿಸಿದ ಪರೀಕ್ಷೆಗಳ ಕಟ್ಟನ್ನೂ ನೋಡಿ. ಅದು ಐದು ಭಾಷೆಗಳಲ್ಲಿದೆ, ಕನ್ನಡವೂ ಉಂಟು, ಮಲಯಾಳವೂ ಉಂಟು.

ಮನಸ್ಸಿನ ಕುಗ್ಗುವಿಕೆಗೆ ಜಿಡಿಎಸ್ (ಜೀರಿಯಾಟ್ರಿಕ್ ಡಿಪ್ರೆಶನ್ ಸ್ಕೇಲ್) ಆರಿಸಿದೆ. ವಯಸ್ಸಾದವರಿಗೆಂದೇ ಮಾಡಿದ್ದು. 15 ಪ್ರಶ್ನೆ, ಹೌದು-ಇಲ್ಲ ಉತ್ತರ. ಹತ್ತು ಪ್ರಶ್ನೆಗೆ ಹೌದು ಎಂದರೆ ಅಂಕ, ಐದಕ್ಕೆ ಇಲ್ಲ ಎಂದರೆ ಅಂಕ. 5 ದಾಟಿದರೆ ಇನ್ನಷ್ಟು ವಿಚಾರಿಸಬೇಕು ಎಂದು ಅರ್ಥ. ಕಾಯಿಲೆ ಉಂಟು ಎಂದು ಅಲ್ಲ. ಈ ವ್ಯತ್ಯಾಸವನ್ನು ಮನೆಯವರಿಗೆ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ಜಿಡಿಎಸ್‌ಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಕನ್ನಡ ಅನುವಾದವೂ ಒಂದು ಸಿಕ್ಕಿತು. ಒಳ್ಳೆಯ ಅನುವಾದವೇ. ಆದರೆ ಘಟ್ಟದ ಮೇಲಿನ ಕನ್ನಡ. ಮೊದಲು ನಮ್ಮ ಅಜ್ಜಿಯ ಮೇಲೆ ಪ್ರಯೋಗ ಮಾಡಿದೆ. ಅಜ್ಜಿಗೆ 84. ‘ನಿಮಗೆ ಆಗಾಗ ಬೇಜಾರಾಗುತ್ತದೆಯೇ?’ ಎಂದು ಓದಿದೆ.

‘ಯಾರು ಬೇಜಾರು ಮಾಡಿದ್ದು ನಿಂಗೆ?’ ಎಂದರು ಅಜ್ಜಿ.

ಇಂಗ್ಲಿಷಿನಲ್ಲಿ ಆ ಪ್ರಶ್ನೆ ‘ಬೋರ್ ಆಗುತ್ತದೆಯೇ’ ಎಂದು. ಮೈಸೂರು ಕಡೆ ಬೇಜಾರು ಎಂದರೆ ಅದೂ ಆಗುತ್ತದೆ. ನಮ್ಮಲ್ಲಿ ಬೇಜಾರು ಎಂದರೆ ಮನಸ್ಸಿಗೆ ನೋವು, ದುಃಖ. ಆ ಮಾತನ್ನು ಟೀಚರ್‌ಗೆ ಹೇಳಿದಾಗ ಅವರು ಇನ್ನೊಂದು ಸೇರಿಸಿದರು. ಅವರ ಊರಿನ ಮಲಯಾಳದಲ್ಲಿ ‘ಬೇಜಾರ್’ ಎಂದರೆ ಗಾಬರಿ, ಚಿಂತೆ! ಮೂರು ಕಡೆ ಒಂದೇ ಶಬ್ದಕ್ಕೆ ಮೂರು ಅರ್ಥ. ಡಿಪ್ರೆಶನ್ ಅಳೆಯುವ ಪ್ರಶ್ನೆಪತ್ರಿಕೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

‘ಉದಾಸೀನ’ದ ಕಥೆಯೂ ಹೀಗೇ. ಪುಸ್ತಕದ ಕನ್ನಡದಲ್ಲಿ ಅದು ಅಲಕ್ಷ್ಯ, ಯಾವುದರಲ್ಲೂ ಆಸಕ್ತಿ ಇಲ್ಲದ್ದು. ನಮ್ಮಲ್ಲಿ ಸೋಮಾರಿತನ. ‘ಉದಾಸೀನ ಆಗ್ತದಾ’ ಎಂದು ಊಟ ಆದ ಮೇಲೆ ಕೇಳಿದರೆ ಇಡೀ ಕಾಸರಗೋಡು ಹೌದು ಎನ್ನುತ್ತದೆ. ‘ನಿಮ್ಮ ಜೀವನ ಖಾಲಿಯಾಗಿದೆ ಅನಿಸುತ್ತದೆಯೇ’ ಎಂಬ ಪ್ರಶ್ನೆಗೆ ಒಬ್ಬರು ಅಜ್ಜ ‘ಖಾಲಿ ಆಗ್ಲಿಕ್ಕೆ ಬಂತು, ಇನ್ನು ಎಷ್ಟು ದಿನ’ ಎಂದರು. ಅವರು ಹೇಳಿದ್ದು ಆಯುಸ್ಸಿನ ಬಗ್ಗೆ, ಪ್ರಶ್ನೆ ಇದ್ದದ್ದು ಮನಸ್ಸಿನ ಬಗ್ಗೆ. ಹಾಗೆಂದು ನಮ್ಮಲ್ಲಿ ಶಬ್ದ ಇಲ್ಲದ್ದಲ್ಲ. ‘ಮಂಡೆಬಿಸಿ’ (ತಲೆಬಿಸಿ, ಚಿಂತೆ) ಎಂಬ ಒಂದು ಶಬ್ದ ಸಾಕು, ಅರ್ಧ ಗಂಟೆ ಮಾತಾಡುತ್ತಾರೆ. ತುಳುವಿನಲ್ಲಿ ‘ಮಂಡೆಬೆಚ್ಚ’ ಎಂದರೆ ಇನ್ನೂ ಚೆನ್ನಾಗಿ ತಾಗುತ್ತದೆ.

ಒಂದು ಪ್ರಶ್ನೆಪತ್ರಿಕೆಯನ್ನು ಇನ್ನೊಂದು ಭಾಷೆಗೆ ತರಲು ವಿಶ್ವ ಆರೋಗ್ಯ ಸಂಸ್ಥೆಯ ಒಂದು ಕ್ರಮ ಇದೆ. ಒಬ್ಬರು ಅನುವಾದ ಮಾಡಬೇಕು, ಗೊತ್ತಿದ್ದವರು ಕೂತು ನೋಡಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ತರಬೇಕು, ಆಮೇಲೆ ಕೆಲವರಿಗೆ ಓದಿ ಹೇಳಿ ‘ನಿಮಗೆ ಇದರಲ್ಲಿ ಎಂತ ಅರ್ಥ ಆಯಿತು’ ಎಂದು ಕೇಳಬೇಕು. ಆ ಕೊನೆಯ ಹೆಜ್ಜೆಯನ್ನು ಬಹಳ ಜನ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ. ನನ್ನ ‘ಬೇಜಾರು’ ಸಿಕ್ಕಿಬಿದ್ದದ್ದು ಅಲ್ಲೇ. ತಿರುಗಿ ಅನುವಾದ ಮಾಡಿದವರು ಮೈಸೂರಿನವರು, ಅವರು ‘ಬೋರ್’ ಎಂದೇ ಬರೆದುಕೊಟ್ಟಿದ್ದರು. ಕಾಗದದ ಮೇಲೆ ಎಲ್ಲ ಸರಿ ಇತ್ತು. ಕೊನೆಗೆ ಆ ಪ್ರಶ್ನೆ ‘ಹೊತ್ತು ಹೋಗುವುದೇ ಇಲ್ಲ ಅಂತ ಆಗ್ತದಾ?’ ಎಂದಾಯಿತು. ಇಬ್ಬರು ಅನುವಾದಕರಿಗೆ ತಲಾ 3,000 ರೂಪಾಯಿ ಕೊಟ್ಟೆ. ಹದಿನೈದು ಪ್ರಶ್ನೆಗೆ ನಾಲ್ಕು ತಿಂಗಳು ಹೋಯಿತು.

ಮುಂದೆ ಎಥಿಕ್ಸ್ ಕಮಿಟಿ. ಯಾವ ಸಂಸ್ಥೆಯದ್ದು ಎಂದು ಹೇಳುವುದಿಲ್ಲ. ಮನುಷ್ಯರ ಮೇಲೆ ಯಾವ ಆರೋಗ್ಯ ಸಂಶೋಧನೆ ಮಾಡುವುದಾದರೂ, ಬರೀ ಪ್ರಶ್ನೆ ಕೇಳುವುದಾದರೂ, ಇವರ ಒಪ್ಪಿಗೆ ಸಿಗದೆ ಒಂದು ಹೆಜ್ಜೆ ಇಡುವ ಹಾಗಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯನ್ನು ಮೊದಲೇ ಓದಿಕೊಳ್ಳಿ, ಅಲ್ಲಿ ಇದೆಲ್ಲ ಇದೆ. ನಾನು ಅರ್ಜಿ ಹಾಕಿದ್ದು 2024ರ ಫೆಬ್ರವರಿಯಲ್ಲಿ. ಮೊದಲ ಮೀಟಿಂಗ್ ರದ್ದಾಯಿತು, ಕೋರಂ ಇಲ್ಲ ಎಂದು. ಐದು ಜನ ಬೇಕು, ಅದರಲ್ಲಿ ವೈದ್ಯರಲ್ಲದವರೂ ಇರಬೇಕು. ಎರಡನೇ ಮೀಟಿಂಗ್ ಎರಡು ತಿಂಗಳ ನಂತರ. ಅಲ್ಲಿಂದ ಹನ್ನೊಂದು ಪ್ರಶ್ನೆಗಳ ಪತ್ರ ಬಂತು.

ಅದರಲ್ಲಿ ನನ್ನನ್ನು ಸುಸ್ತು ಮಾಡಿದ್ದು ಒಂದು. ಮಾಹಿತಿಪತ್ರ ಕನ್ನಡದಲ್ಲಿ ಮಾತ್ರ ಇದೆ, ಸದಸ್ಯರಿಗೆ ಓದಲು ಆಗುವುದಿಲ್ಲ, ಮಲಯಾಳದಲ್ಲಿಯೂ ಕೊಡಿ ಎಂದು. ಕನ್ನಡದವರನ್ನೇ ಕೇಳುವ ಅಧ್ಯಯನಕ್ಕೆ ಯಾರೂ ಬಳಸದ ಒಂದು ಮಲಯಾಳ ಪತ್ರ! ಸಿಟ್ಟು ಬಂತು. ಮಾಡಿಸಿ ಕೊಟ್ಟೆ. ಇನ್ನೊಬ್ಬ ಅನುವಾದಕರು, ಇನ್ನೂ ಆರು ವಾರ. ನಿಮಗೆ ಈ ಸಿಟ್ಟು ಬೇಡ ಎಂದಾದರೆ ಮೊದಲ ದಿನವೇ ಮೂರು ಭಾಷೆಯ ಪ್ರತಿ ಇಟ್ಟು ಅರ್ಜಿ ಹಾಕಿ.

ಉಳಿದ ಪ್ರಶ್ನೆಗಳು ನಿಜಕ್ಕೂ ಒಳ್ಳೆಯವು. ನೆನಪು ಕಡಿಮೆ ಇದ್ದವರ ಪರವಾಗಿ ಸಹಿ ಯಾರು ಹಾಕುತ್ತಾರೆ? ಮನೆಯವರು ಹಾಕಿದರೂ ಅಜ್ಜಿ ‘ಬೇಡ’ ಎಂದರೆ ಬಿಡುತ್ತೀರಾ? ಹೆಬ್ಬೆಟ್ಟು ಒತ್ತುವಾಗ ಸಾಕ್ಷಿ ಯಾರು? (ನಿಮ್ಮ ತಂಡದವರು ಆಗುವುದಿಲ್ಲ, ನೆನಪಿಡಿ.) ಮಾತಾಡುವಾಗ ಯಾರಾದರೂ ಸಾಯುವ ಯೋಚನೆ ಹೇಳಿದರೆ ಎಂತ ಮಾಡುತ್ತೀರಿ? ಈ ಕೊನೆಯದಕ್ಕೆ ನಾನು ಸುಲಭದಲ್ಲಿ ‘ಸೂಕ್ತ ತಜ್ಞರಲ್ಲಿಗೆ ಕಳುಹಿಸಲಾಗುವುದು’ ಎಂದು ಬರೆದಿದ್ದೆ. ಒಬ್ಬರು ಸದಸ್ಯರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಬರೆದರು: ಯಾರು, ಎಲ್ಲಿ, ಯಾವ ದಿನ, ಬಸ್ಸಿಗೆ ದುಡ್ಡು ಯಾರದ್ದು? ಆವತ್ತು ನನಗೆ ಅದು ಕಿರಿಕಿರಿ ಅನಿಸಿತು. ಉತ್ತರ ಬರೆಯಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಯಾವ ಆಸ್ಪತ್ರೆಗೆ ಯಾವ ದಿನ ಬರುತ್ತಾರೆ, ಹಾಸಿಗೆ ಹಿಡಿದವರನ್ನು ಮನೆಗೆ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಯಾರು ಎಂದು ಊರೂರು ತಿರುಗಿ ಪಟ್ಟಿ ಮಾಡಿದೆ. ಒಪ್ಪಿಗೆ ಪತ್ರ ಕೈಗೆ ಬಂದದ್ದು ಸೆಪ್ಟೆಂಬರ್ ಕೊನೆಗೆ.

2024ರ ನವೆಂಬರ್‌ನಲ್ಲಿ ಹೊರಟೆ. ಆಶಾ ಅಕ್ಕಂದಿರು ಇಲ್ಲದಿದ್ದರೆ ಒಂದು ಮನೆಯೂ ಸಿಗುತ್ತಿರಲಿಲ್ಲ. ಯಾವ ಮನೆಯಲ್ಲಿ ನಾಯಿ ಬಿಟ್ಟಿರುತ್ತಾರೆ ಎಂಬಲ್ಲಿಂದ ಯಾವ ಅಜ್ಜನಿಗೆ ಕಿವಿ ಕೇಳುವುದಿಲ್ಲ ಎಂಬಲ್ಲಿಯವರೆಗೆ ಅವರಿಗೆ ಗೊತ್ತು.

ಮೊದಲ ತೊಂದರೆ ನನ್ನ ಪರಿಚಯದ್ದು. ‘ಮಾನಸಿಕ ಆರೋಗ್ಯ’ ಎಂದ ಕೂಡಲೇ ಸೊಸೆಯಂದಿರು ‘ನಮ್ಮಲ್ಲಿ ಮಂಡೆ ಸಮ ಇಲ್ಲದವರು ಯಾರೂ ಇಲ್ಲ’ ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ‘ವಯಸ್ಸಾದವರ ನೆನಪು, ನಿದ್ರೆ, ಮಂಡೆಬಿಸಿ ಬಗ್ಗೆ ಕೇಳ್ಲಿಕ್ಕೆ ಬಂದದ್ದು’ ಎಂದ ಮೇಲೆ ಕುರ್ಚಿ ಬಂತು, ನೀರು-ಬೆಲ್ಲ ಬಂತು. ಎರಡನೆಯದು ಪೆನ್ಶನ್. ಫಾರಂ ಕಂಡರೆ ಪೆನ್ಶನಿಗೆ ಎಂದೇ ಲೆಕ್ಕ. ‘ಇದರಿಂದ ನಿಮಗೆ ದುಡ್ಡು ಸಿಗುವುದಿಲ್ಲ, ಬಿಟ್ಟರೆ ದುಡ್ಡು ಹೋಗುವುದೂ ಇಲ್ಲ’ ಎಂಬ ವಾಕ್ಯವನ್ನು ಮಾಹಿತಿಪತ್ರದ ಮೊದಲ ಸಾಲಿಗೆ ತಂದೆ. ಮೂರನೆಯದು ಹೆಬ್ಬೆಟ್ಟು. 1970ರ ಭೂಸುಧಾರಣೆಯಲ್ಲಿ ಜಾಗ ಕಳೆದುಕೊಂಡ ಮನೆಯವರೂ ಒತ್ತಲಿಕ್ಕೆ ಹೆದರುತ್ತಾರೆ, ಜಾಗ ಸಿಕ್ಕಿದ ಮನೆಯವರೂ ಹೆದರುತ್ತಾರೆ. ಒಬ್ಬರು ಅಜ್ಜಿ ಒಂದೂವರೆ ಗಂಟೆ ಎಲ್ಲ ಉತ್ತರ ಕೊಟ್ಟು, ಕಾಫಿ ಕೊಟ್ಟು, ಕೊನೆಗೆ ‘ಒತ್ತುವುದು ಮಾತ್ರ ಇಲ್ಲ ಮಗಾ’ ಎಂದರು. ಒಪ್ಪಿಗೆ ಮೊದಲು ತೆಗೆದುಕೊಳ್ಳಬೇಕಿತ್ತು, ನನ್ನದೇ ತಪ್ಪು. ಆ ಹಾಳೆಗಳನ್ನು ಅವರೆದುರೇ ಹರಿದು ಒಲೆಗೆ ಹಾಕಿದೆ.

ಎಣ್ಮಕಜೆ ಕಡೆ ಬೇರೆಯೇ ಅನುಭವ. 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ಅವು. ಒಬ್ಬರು ತಾಯಿ ನನ್ನ ಫೈಲು ನೋಡಿ, ‘ಎಷ್ಟು ಜನ ಬಂದ್ರು, ಬರ್ಕೊಂಡು ಹೋದ್ರು, ಒಬ್ರೂ ತಿರುಗಿ ಬಂದು ಎಂತ ಆಯ್ತು ಅಂತ ಹೇಳ್ಲಿಲ್ಲ. ನಿಂದು ಯಾವ ಸರ್ವೆ?’ ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ, ಅದೇ ಕಷ್ಟ. ಆ ಮನೆಯಲ್ಲಿ ಫಾರಂ ತೆಗೆಯಲಿಲ್ಲ. ಮುಗಿದ ಮೇಲೆ ಬಂದು ಹೇಳುತ್ತೇನೆ ಎಂದು ಹೇಳಿ ಬಂದೆ. ಮೂರು ತಿಂಗಳ ನಂತರ ಆಶಾ ಅಕ್ಕನ ಮೂಲಕ ಅವರೇ ಹೇಳಿ ಕಳುಹಿಸಿದರು, ‘ನಮ್ಮ ಅತ್ತೆಯನ್ನು ಕೇಳ್ಬೇಕಾದ್ರೆ ಬರ್ಲಿ’ ಎಂದು.

ಗುಟ್ಟಾಗಿ ಮಾತಾಡಲು ಜಾಗ ಸಿಗುವುದು ದೊಡ್ಡ ಸಾಹಸ. ನಮ್ಮ ಮನೆಗಳಲ್ಲಿ ಹೊರಗಿನವರು ಬಂದರೆ ಎಲ್ಲರೂ ಜಗಲಿಯಲ್ಲಿ ಕೂರುವುದು ಮರ್ಯಾದೆ. ಮಗ ಎದುರಿಗೆ, ಸೊಸೆ ಬಾಗಿಲಿಗೆ ಒರಗಿ. ಅಲ್ಲಿ ‘ನಿಮ್ಮಿಂದ ಯಾರಿಗೂ ಪ್ರಯೋಜನ ಇಲ್ಲ ಅನಿಸ್ತದಾ’ ಎಂದು ಅತ್ತೆಯನ್ನು ಕೇಳಿದರೆ ಸಿಗುವುದು ಒಂದೇ ಉತ್ತರ: ‘ಎಲ್ಲ ಒಳ್ಳೆದುಂಟು.’ ಮೊದಲ ಇಪ್ಪತ್ತು ಮನೆಗಳಲ್ಲಿ ಯಾರಿಗೂ ಎಂತದೂ ದುಃಖ ಇರಲಿಲ್ಲ! ಆಮೇಲೆ ನಾನು ಜಗಲಿ ಬಿಟ್ಟೆ. ಅಜ್ಜ ಅಡಿಕೆ ಸುಲಿಯುವಲ್ಲಿ ಹೋಗಿ ಕೂತೆ. ಅಜ್ಜಿ ಬೀಡಿ ಕಟ್ಟುವ ಮೂಲೆಯಲ್ಲಿ ಕೂತೆ. ಕೈ ಕೆಲಸ ಮಾಡುತ್ತಾ ಇದ್ದರೆ ಬಾಯಿ ತಾನಾಗಿ ಬಿಡುತ್ತದೆ, ಮನೆಯವರಿಗೂ ಕೂತು ನೋಡುವ ಕುತೂಹಲ ಇರುವುದಿಲ್ಲ.

ಆ ಬೀಡಿ ಮೂಲೆಯಲ್ಲೇ ಲೆಕ್ಕದ ಪ್ರಶ್ನೆಯ ಬಣ್ಣ ಬಯಲಾಯಿತು. ನೂರರಿಂದ ಏಳು ಕಳೆಯಿರಿ, ಪುನಃ ಏಳು ಕಳೆಯಿರಿ ಎಂಬುದು ಎಂಎಂಎಸ್‌ಇಯ ಕ್ರಮ. ಅದನ್ನು ನಾನು ಅಂಕಕ್ಕೆ ಇಟ್ಟಿರಲಿಲ್ಲ, ಕುತೂಹಲಕ್ಕೆ ಕೇಳಿದೆ. 72 ವರ್ಷದ ಆ ಅಜ್ಜಿ ತೊಂಬತ್ತಮೂರಕ್ಕೇ ಕೈ ಚೆಲ್ಲಿದರು. ‘ಸಾವಿರ ಬೀಡಿಯಲ್ಲಿ ಒಂದು ಕಟ್ಟು ಹಾಳಾದ್ರೆ?’ ಎಂದೆ. ಕಟ್ಟಿಗೆ 25. ‘ಒಂಬೈನೂರ ಎಪ್ಪತ್ತೈದು.’ ಇನ್ನೊಂದು? ‘ಒಂಬೈನೂರ ಐವತ್ತು.’ ತಲೆ ಎತ್ತದೆ ಆರುನೂರರವರೆಗೆ ಇಳಿದರು. ನಾನೇ ಸಾಕು ಎಂದೆ.

ಇನ್ನು 1956ರ ವಿಷಯ. ನೆನಪಿನ ಪರೀಕ್ಷೆಗಳಲ್ಲಿ ಹೊತ್ತು, ಜಾಗ ಗೊತ್ತುಂಟಾ ಎಂದು ನೋಡುವ ಪ್ರಶ್ನೆಗಳು ಇರುತ್ತವೆ. ಇವತ್ತು ಯಾವ ತಿಂಗಳು? ನಾವಿರುವ ಜಿಲ್ಲೆ ಯಾವುದು? ನಮ್ಮ ಅಜ್ಜಿಗೆ ಕೇಳಿದಾಗ ತಡೆಯದೆ ಹೇಳಿದರು, ‘ಸೌತ್ ಕೆನರಾ.’ ಉತ್ತರದ ಪಟ್ಟಿಯ ಪ್ರಕಾರ ಸೊನ್ನೆ. ಆದರೆ ಇದೇ ಅಜ್ಜಿ ಮೊನ್ನೆ ಹಾಲಿನ ಲೆಕ್ಕದಲ್ಲಿ ನನ್ನ ಆರು ರೂಪಾಯಿ ತಪ್ಪು ಹಿಡಿದಿದ್ದರು. ಅವರು ಹುಟ್ಟಿದ್ದು ಮದ್ರಾಸು ಪ್ರಾಂತ್ಯದ ಸೌತ್ ಕೆನರಾ ಜಿಲ್ಲೆಯಲ್ಲಿ. 1956ರ ನವೆಂಬರ್ 1ಕ್ಕೆ ಇದು ಕೇರಳವಾಯಿತು, ಮುಂದೆ ಕಣ್ಣೂರು ಜಿಲ್ಲೆಗೆ ಸೇರಿತು. ಕಾಸರಗೋಡು ಜಿಲ್ಲೆ ಎಂದು ಆದದ್ದು 1984ರ ಮೇಯಲ್ಲಿ. ಅಷ್ಟು ಹೊತ್ತಿಗೆ ಅಜ್ಜಿಗೆ ನಾಲ್ಕು ಮಕ್ಕಳು.

ಮುಳ್ಳೇರಿಯ ಕಡೆಯ 86ರ ಅಜ್ಜ ಒಬ್ಬರು ನನ್ನನ್ನೇ ಕೇಳಿದರು, ‘ಯಾವ ಕಾಲದ ಲೆಕ್ಕ ಬೇಕು ನಿಂಗೆ? ಹುಟ್ಟುವಾಗ ಸೌತ್ ಕೆನರಾ. ಮದುವೆ ಆಗುವಾಗ ಕಣ್ಣೂರು. ಈಗ ಕಾಸರಗೋಡು. ಮನೆ ಇದೇ.’ ಅವರಿಗೆ ಪೂರ್ತಿ ಅಂಕ ಕೊಟ್ಟೆ. ಇನ್ನೂ ಕೊಡಲು ಜಾಗ ಇದ್ದರೆ ಕೊಡುತ್ತಿದ್ದೆ.

ತಿಂಗಳ ಪ್ರಶ್ನೆಗೂ ಹೀಗೇ. ಜುಲೈ ಕೊನೆಗೆ ಒಬ್ಬರು ‘ಆಟಿ ಹನ್ನೆರಡು’ ಎಂದರು. ಗೋಡೆಯ ಕ್ಯಾಲೆಂಡರ್ ನೋಡಿದೆ, ಸರಿಯಾಗಿತ್ತು. ನಾನು ಇಂಗ್ಲಿಷ್ ತಾರೀಕು ಕೇಳಿದ್ದು, ಅವರು ಅವರ ತಾರೀಕು ಹೇಳಿದ್ದು. ತುಳು ತಿಂಗಳು, ಸಂಕ್ರಾಂತಿಯ ಲೆಕ್ಕ ಎಲ್ಲ ಸರಿ ಎಂದು ಒಪ್ಪಿಕೊಳ್ಳುವಂತೆ ಅಂಕದ ನಿಯಮ ತಿದ್ದಿದೆವು. ಆದರೆ ತಿದ್ದಿದ ಮೇಲೆ ಕಮಿಟಿಗೆ ಪುನಃ ತಿಳಿಸಬೇಕು. ಹಳೇ ಫಾರಂಗಳನ್ನು ಅದೇ ನಿಯಮದಲ್ಲಿ ಪುನಃ ನೋಡಬೇಕು. ಅದಕ್ಕೆ ಅವರು ಹೇಳಿದ ಮಾತನ್ನು ಹಾಗೇ ಬರೆದಿಟ್ಟಿರಬೇಕು. ಬರೀ ಸರಿ-ತಪ್ಪು ಗುರುತು ಹಾಕಿದ್ದರೆ ನನ್ನ ಮೊದಲ ನಲವತ್ತು ಫಾರಂ ಕಸದ ಬುಟ್ಟಿಗೆ ಹೋಗುತ್ತಿದ್ದವು. ಈ ಇಡೀ ಬರಹದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಉತ್ತರವನ್ನು ಅವರ ಬಾಯಿಯ ಮಾತಿನಲ್ಲೇ ಬರೆದುಕೊಳ್ಳಿ.

ಅಂದ ಹಾಗೆ, ಹೋಗಲು ಒಳ್ಳೆಯ ಕಾಲ ಆಟಿಯೇ. ತೋಟಕ್ಕೆ ಮದ್ದು ಬಿಟ್ಟು ಆಗಿರುತ್ತದೆ, ಮಳೆಗೆ ಯಾರೂ ಎಲ್ಲಿಗೂ ಹೋಗುವುದಿಲ್ಲ, ಮದುವೆ-ಗಿದುವೆ ಇಲ್ಲ. ಬೇಸಿಗೆಯಲ್ಲಿ ನೇಮ, ಕೋಲ, ಬ್ರಹ್ಮಕಲಶ ಎಂದು ಒಬ್ಬರೂ ಸಿಗುವುದಿಲ್ಲ. ಆಟಿಯಲ್ಲಿ ಹೋಗುವವರು ಫೈಲಿಗೆ ಎರಡು ಪ್ಲಾಸ್ಟಿಕ್ ಕವರ್ ಹಾಕಿ. ನಾನು ಒಂದೇ ಹಾಕಿ ಒಂದು ಫಾರಂ ಕಳೆದುಕೊಂಡೆ.

ಮಾರ್ಚ್‌ನಲ್ಲಿ ಆ ಕೆಂಪು ಶಾಯಿಯ ಪ್ರಶ್ನೆ ಎದುರಿಗೆ ಬಂತು. 71 ವರ್ಷದ ಒಬ್ಬರು ಅಜ್ಜ. ಹೆಂಡತಿ ತೀರಿಹೋಗಿ ಒಂದು ವರ್ಷ. ಮಕ್ಕಳಿಬ್ಬರೂ ಗಲ್ಫ್‌ನಲ್ಲಿ. 15ರಲ್ಲಿ 11 ಅಂಕ. ನಾನು ಪೆನ್ನು ಮುಚ್ಚುವಾಗ ಅವರು, ‘ಇನ್ನು ಬದುಕಿ ಎಂತ ಮಾಡ್ಲಿಕ್ಕುಂಟು’ ಎಂದರು. ಹಾಗೆ ಹೇಳುವುದು ನಮ್ಮಲ್ಲಿ ಮಾಮೂಲು, ಎಷ್ಟೋ ಅಜ್ಜಂದಿರು ಹೇಳಿ ನಗುತ್ತಾರೆ. ಇವರು ನಗಲಿಲ್ಲ. ಓದಿದ ಪಾಠ ನೆನಪಿಗೆ ಬಂತು. ಸಾಯುವ ಯೋಚನೆ ಉಂಟಾ ಎಂದು ನೇರ ಕೇಳಿದರೆ ಆ ಯೋಚನೆ ಹೊಸತಾಗಿ ಹುಟ್ಟುವುದಿಲ್ಲ, ಕೇಳದೆ ಬಿಡುವುದೇ ತಪ್ಪು. ಕೇಳಿದೆ. ನನ್ನ ಸ್ವರ ನಡುಗುತ್ತಿತ್ತು. ಅವರು ಸ್ವಲ್ಪ ಹೊತ್ತು ಬಿಟ್ಟು ‘ಒಮ್ಮೊಮ್ಮೆ ಬರ್ತದೆ’ ಎಂದರು.

ಆವತ್ತು ಅಲ್ಲಿಂದ ಏಳಲಿಲ್ಲ. ಅವರನ್ನೇ ಕೇಳಿ, ಒಪ್ಪಿಸಿ, ಆಶಾ ಅಕ್ಕನಿಗೆ ಫೋನ್ ಮಾಡಿದೆ. ಅವರು ಪಾಲಿಯೇಟಿವ್ ನರ್ಸಿಗೆ ಮಾಡಿದರು. ಪಕ್ಕದ ಮನೆಯ ತಮ್ಮನ ಮಗ ಬಂದು ರಾತ್ರಿ ಜೊತೆಗೆ ಮಲಗಿದ. ಮರುದಿನ ಕ್ಲಿನಿಕ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆ ಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ನಾನು ಎಲ್ಲಿಗೆ ಓಡುತ್ತಿದ್ದೆನೋ. ಮೂರು ಗಂಟೆ ಕಾದೆವು. ಡಾಕ್ಟರು ಒಳ್ಳೆಯವರು, ಆದರೆ ಅವರಿಗೆ ಕನ್ನಡ ಬಾರದು. ಅಜ್ಜನಿಗೆ ಮಲಯಾಳ ಬರುತ್ತದೆ. ಅಡಿಕೆ ಮಾರಲು, ಬಸ್ಸಿನಲ್ಲಿ ಜಗಳ ಮಾಡಲು ಸಾಕಾಗುವಷ್ಟು. ಹೆಂಡತಿ ಇಲ್ಲದ ಮನೆಯ ಬಗ್ಗೆ ಮಾತಾಡಲು ಅದು ಸಾಲಲಿಲ್ಲ. ಎಲ್ಲದಕ್ಕೂ ‘ಕುಳಪ್ಪಮಿಲ್ಲ’ ಎಂದು ಹೇಳುತ್ತಾ ಹೋದರು, ತೊಂದರೆ ಇಲ್ಲ ಎಂದು. ಕೊನೆಗೆ ಡಾಕ್ಟರೇ ನನ್ನನ್ನು ಒಳಗೆ ಕರೆದು ಮಧ್ಯದಲ್ಲಿ ಕೂರಿಸಿದರು. ಅಜ್ಜ ಕನ್ನಡದಲ್ಲಿ ಹೇಳಿದ್ದನ್ನು ನಾನು ಮಲಯಾಳ ಮಾಡಿದೆ. ಅರ್ಧದಲ್ಲಿ ಇಬ್ಬರೂ ಅತ್ತೆವು. ಡಾಕ್ಟರು ಕಾದರು.

ಮಾತ್ರೆ ಶುರುವಾಯಿತು, ನರ್ಸ್ ವಾರಕ್ಕೊಮ್ಮೆ ಹೋದರು. ಒಂದೂವರೆ ತಿಂಗಳಾಗುವಾಗ ನಿದ್ರೆ ಬರುತ್ತದೆ ಎಂದು ಅಜ್ಜನೇ ಫೋನ್ ಮಾಡಿದರು. ಈಗಲೂ ಮಾಡುತ್ತಾರೆ, ಅಡಿಕೆ ರೇಟು ಹೇಳಲಿಕ್ಕೆ. ನಿಮಗೆ ಇಂಥದ್ದು ಎದುರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನೆನಪಿರಲಿ, ದಿನದ 24 ಗಂಟೆಯೂ ಇದೆ. ಕೇರಳದಲ್ಲಿ ಆರೋಗ್ಯ ಸಹಾಯವಾಣಿ ದಿಶಾದ 1056 ಕೂಡ ಉಂಟು. ಇನ್ನೊಂದು, ಮಾಹಿತಿಪತ್ರದಲ್ಲಿ ಕೊಡಲು ಬೇರೆ ಸಿಮ್ ಮಾಡಿಸಿಕೊಳ್ಳಿ. ನನ್ನ ಸ್ವಂತ ನಂಬರ್ ನೂರಿಪ್ಪತ್ತು ಮನೆಗಳಲ್ಲಿ ಉಂಟು. ರಾತ್ರಿ ಹತ್ತಕ್ಕೂ ‘ಅಮ್ಮ ಊಟ ಮಾಡುವುದಿಲ್ಲ, ಎಂತ ಮಾಡುವುದು’ ಎಂಬ ಫೋನ್ ಬರುತ್ತದೆ.

ಆ ಸಂಜೆಯ ನಂತರ ನಾನು ಎರಡು ವಾರ ಯಾವ ಮನೆಗೂ ಹೋಗಲಿಲ್ಲ. ಹೋಗಲು ಆಗಲಿಲ್ಲ. ಟೀಚರ್ ಹತ್ತಿರ ಹೇಳಿದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ವಿಶ್ವವಿದ್ಯಾಲಯದ ಕೌನ್ಸೆಲರ್ ಹತ್ತಿರ ಕಳುಹಿಸಿದರು. ಮೂರು ಸಲ ಹೋದೆ. ಸೈಕಾಲಜಿ ಓದುವವಳು ಕೌನ್ಸೆಲರ್ ಹತ್ತಿರ ಹೋಗುವುದಾ ಎಂದು ನಾಚಿಕೆಯಾಗಿತ್ತು. ಇದನ್ನು ಬರೆಯುವಾಗ ಇಲ್ಲ.

ಖರ್ಚು ಕೇಳುವವರಿಗೆ: ನನಗೆ ಫೆಲೋಶಿಪ್ ಇರಲಿಲ್ಲ. ಅನುವಾದ, ಝೆರಾಕ್ಸ್ (ಒಬ್ಬರಿಗೆ 14 ಪುಟ), ಬಸ್ಸು, ಒಳ ಊರುಗಳಿಗೆ ಆಟೋ, ಮನೆಗೆ ಒಂದು ಬೈರಾಸಿನಂತೆ ನೂರಿಪ್ಪತ್ತು ಬೈರಾಸು (ಟವೆಲ್), ಎಲ್ಲ ಸೇರಿ 48,000 ಚಿಲ್ಲರೆ. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಟೋದ್ದೇ. ದುಡ್ಡು ಕೊಡಬೇಡಿ, ಸಣ್ಣ ಉಡುಗೊರೆ ಆಗಬಹುದು ಎಂದು ಕಮಿಟಿ ಹೇಳಿತ್ತು. ಬೈರಾಸು ಎಂಬುದು ಅಮ್ಮನ ಸಲಹೆ. ಚೀಲದಲ್ಲಿ ಯಾವಾಗಲೂ ಒಂದು ಓದುವ ಕನ್ನಡಕ ಇಟ್ಟುಕೊಳ್ಳಿ. ಅರ್ಧ ಜನರ ಕನ್ನಡಕ ಒಡೆದಿರುತ್ತದೆ ಅಥವಾ ಮಗಳ ಮನೆಯಲ್ಲಿ ಉಳಿದಿರುತ್ತದೆ. ಕಣ್ಣು ಕಾಣದ್ದಕ್ಕೆ ನೆನಪಿನ ಅಂಕ ಕಳೆಯಬಾರದು.

ಈಗ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುತ್ತಾ ಇದ್ದೇನೆ. ‘ಜಿಲ್ಲೆ’ ಎಂಬ ಕಾಲಂ ಪಕ್ಕದಲ್ಲಿ ಅವರು ಹೇಳಿದ ಮಾತಿಗೆ ಇನ್ನೊಂದು ಕಾಲಂ ಮಾಡಿದ್ದೇನೆ. ಅದರಲ್ಲಿ ‘ಸೌತ್ ಕೆನರಾ’ ಇದೆ, ‘ಮಧೂರು ದೇವರ ಸೀಮೆ’ ಇದೆ, ‘ನಿಂಗೆ ಗೊತ್ತಿಲ್ವಾ?’ ಎಂದೂ ಇದೆ. ಫಲಿತಾಂಶವನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು ಎಲ್ಲ ಮನೆಗೂ ಕೊಡುವುದಾಗಿ ಹೇಳಿದ್ದೇನೆ. ಅದಕ್ಕೆ ಇನ್ನೂ ಆರು ತಿಂಗಳಾದರೂ ಬೇಕು.

ಹೋದ ಶುಕ್ರವಾರ ಎಣ್ಮಕಜೆಯ ಆ ತಾಯಿಯ ಮನೆ ದಾರಿಯಲ್ಲೇ ಇತ್ತು, ಹೊಕ್ಕೆ. ನನ್ನ ಮಾಹಿತಿಪತ್ರವನ್ನು ರೇಷನ್ ಕಾರ್ಡಿನ ಕವರಿನೊಳಗೆ ಮಡಚಿ ಇಟ್ಟಿದ್ದರು. ತೆಗೆದು ತೋರಿಸಿ, ‘ಮುಗೀತಾ? ಎಂತ ಸಿಕ್ತು?’ ಎಂದರು. ಇನ್ನೂ ಲೆಕ್ಕ ಆಗಬೇಕು, ಮಳೆ ಶುರುವಾಗುವ ಮೊದಲು ಬರುತ್ತೇನೆ ಎಂದೆ. ಅವರು ಕಾಗದವನ್ನು ಪುನಃ ಅದೇ ಮಡಿಕೆಯಲ್ಲಿ ಮಡಚಿ ಕವರಿನೊಳಗೆ ಇಟ್ಟರು. ಒಳಗಿನಿಂದ ಅತ್ತೆ ಕೇಳಿದರು, ‘ಯಾರದು, ಜಿಲ್ಲೆ ಕೇಳುವ ಹುಡುಗಿಯಾ?’